ಮುನಿರಾಜುವಿನ ಲೋಟಕ್ಕೆ ಸುರಿದ ರಮ್

ಗೌರಿ, ಹದಿನಾಲ್ಕು ತಿಂಗಳು ಕುಡಿತ ಬಿಟ್ಟಿದ್ದ ನಿನ್ನ ಗಂಡನಿಗೆ ಮತ್ತೆ ರಮ್ ಕುಡಿಸಿದವನು ನಾನು. ನೀನು ಅಂದುಕೊಂಡಂತೆ ಅವನ ಜೊತೆ ಕೆಲಸ ಮಾಡುತ್ತಿದ್ದ ವೆಂಕಟೇಶನಲ್ಲ — ನಾನು, ನಿನ್ನ ಒಡಹುಟ್ಟಿದ ಅಣ್ಣ. ಆರು ವರ್ಷದಿಂದ ಈ ಮಾತು ಗಂಟಲವರೆಗೆ ಬಂದು ಹಿಂದಕ್ಕೆ ಹೋಗುತ್ತಿದೆ.

ನಿನ್ನ ಅತ್ತಿಗೆ ತೀರಿಕೊಂಡ ಮೇಲೆ ಹೊಸೂರಿನ ಈ ಮನೆಯಲ್ಲಿ ನನಗೆ ಭಾನುವಾರವೆಂದರೆ ಮುನಿರಾಜು ಬರುವುದೊಂದೇ ಆಗಿತ್ತು. ಬಾಗಲೂರಿನಿಂದ ಬೈಕಿನಲ್ಲಿ ಬರುತ್ತಿದ್ದ. ಇಬ್ಬರೂ ಎರಡೆರಡು ಲೋಟ ಕುಡಿದು, ಫ್ಯಾಕ್ಟರಿಯ ಹಳೆಯ ಕಥೆಗಳನ್ನೇ ಮತ್ತೆ ಹೇಳಿಕೊಳ್ಳುತ್ತಿದ್ದೆವು. ನನಗೆ ಎರಡು ಸಾಕು. ಅವನಿಗೆ ಸಾಲುತ್ತಿರಲಿಲ್ಲ — ಅದು ನನಗೆ ಗೊತ್ತಿತ್ತು. ನಿನ್ನ ಮೈಮೇಲಿನ ಬಾಸುಂಡೆಗಳೂ ಗೊತ್ತಿದ್ದವು. ಡಾಕ್ಟರು ಹೆದರಿಸಿದ ಮೇಲೆ ಅವನು ಕುಡಿತ ಬಿಟ್ಟ. ಅದರ ಜೊತೆಗೆ ನನ್ನ ಮನೆಗೆ ಬರುವುದನ್ನೂ ಬಿಟ್ಟ.

ಅವನನ್ನು ಕರೆಯಲು ಒಂದು ನೆಪ ಹುಡುಕಿದೆ. ಶುಂಠಿ ತುರಿದು, ಸಕ್ಕರೆ, ನಿಂಬೆರಸ, ಚಿಟಿಕೆ ಯೀಸ್ಟ್ ಹಾಕಿ ಬಾಟಲಿಯಲ್ಲಿ ಮೂರು ದಿನ ಇಟ್ಟರೆ ಗ್ಯಾಸ್ ತುಂಬಿ ಜಿಂಜರ್ ಬಿಯರ್ ಆಗುತ್ತದೆ. ಹೆಸರಿಗಷ್ಟೇ ಬಿಯರ್, ಅಮಲೇರುವಂಥದ್ದೇನಲ್ಲ. ಮೊಬೈಲ್ ನೋಡಿ ಕಲಿತೆ. ಕರೆದೆ, ಬಂದ, ಚೆನ್ನಾಗಿದೆ ಅಂದ. ಅರ್ಧ ಗಂಟೆಗೇ ಎದ್ದ — ಗೌರಿ ಕಾಯುತ್ತಿರುತ್ತಾಳೆ ಎಂದು ಹೊರಟ.

ಹಾಗೆ ಹೊರಟದ್ದನ್ನು ನಾನು ಸಹಿಸಲಾರದೆ ಹೋದೆ.

ಮುಂದಿನ ವಾರ ಸಕ್ಕರೆಯ ಬದಲು ಕಪ್ಪು ಬೆಲ್ಲ ಹಾಕಿದೆ — ರಮ್ಮಿನ ಬಣ್ಣ ತಿಳಿಯಬಾರದೆಂದು. ಶುಂಠಿ ದುಪ್ಪಟ್ಟು ಮಾಡಿದೆ — ವಾಸನೆ ಮುಚ್ಚಲೆಂದು. ಜೂಜುವಾಡಿ ಗಡಿ ದಾಟಿ ಅತ್ತಿಬೆಲೆಯಿಂದ ರಮ್ ತಂದೆ. ಕೈತಪ್ಪಿ ಆದದ್ದಲ್ಲ, ಗೌರಿ. ಐಸಿನ ಮೇಲೆ ಜಿಂಜರ್ ಬಿಯರ್, ಅದರ ಮೇಲೆ ರಮ್, ಒಂದು ಹೋಳು ನಿಂಬೆ — ಚೆನ್ನಾಗಿ ಕಲಕಿ ಕೊಟ್ಟೆ.

ಮೊದಲ ಗುಟುಕಿಗೇ ನಿಲ್ಲಿಸಿ ನನ್ನ ಮುಖ ನೋಡಿದ.

"ಇದ್ರಾಗೆ ಏನೈತೆ ಭಾವ?"

"ಶುಂಠಿ ಕಣ್ಲಾ, ಬರೀ ಶುಂಠಿ. ಕುಡಿ."

ನನ್ನ ಕೈಕೆಳಗೆ ಲೇತ್ ಕೆಲಸ ಕಲಿತವನು. ನಾನು ಹೇಳಿದ್ದನ್ನು ಎಂದೂ ಎರಡನೇ ಸಲ ಕೇಳಿದವನಲ್ಲ. ನಂಬಿದನೋ, ಇಲ್ಲ ತಿಳಿದೂ... ಗೊತ್ತಿಲ್ಲ. ಲೋಟ ಖಾಲಿ ಮಾಡಿ ಇನ್ನೊಂದು ಕೇಳಿದ. ಸಂಜೆವರೆಗೂ ಕೂತಿದ್ದ. ಆ ದಿನ ನನಗೆ ಸಂತೋಷವಾಗಿತ್ತು — ಬರೆಯಲು ಕೈ ಬರದಿರುವುದು ಇದೊಂದೇ ಸಾಲಿಗೆ.

ಹದಿನೈದು ದಿನದಲ್ಲಿ ಅವನಿಗೆ ನನ್ನ ಮನೆಯೂ ಬೇಕಿರಲಿಲ್ಲ, ಹೆಂಡದ ಅಂಗಡಿಗೇ ಹೋಗತೊಡಗಿದ. ಎರಡು ವರ್ಷಕ್ಕೆ ಹೋಗೇಬಿಟ್ಟ. ಹೆಣ ನೋಡಲು ಬಂದ ವೆಂಕಟೇಶನನ್ನು ನೀನು ಬಾಗಿಲಲ್ಲೇ ತಡೆದೆ.

"ನೀನೇ ಕುಡ್ಸಿ ಕೆಡ್ಸಿದ್ದು. ಒಳಕ್ಕೆ ಬರ್ಬ್ಯಾಡ."

ಅವನು ಚಪ್ಪಲಿ ಮತ್ತೆ ಮೆಟ್ಟಿಕೊಂಡು ಹೊರಟುಹೋದ. ಆಗ ನಿನ್ನ ಹೆಗಲ ಮೇಲಿದ್ದ ಕೈ ನನ್ನದು.

ಒಂಟಿಯಾಗಿದ್ದೆ ಎಂದು ಇಲ್ಲಿ ಬರೆದು ಹೊಡೆದುಹಾಕಿದ್ದೇನೆ. ಒಂಟಿಯಾಗಿರುವವರೆಲ್ಲ ಹೀಗೆ ಮಾಡುವುದಿಲ್ಲ.

ಇವತ್ತು ಬೆಳಿಗ್ಗೆ ವೆಂಕಟೇಶನ ಮನೆಗೆ ಹೋಗಿ ಎಲ್ಲವನ್ನೂ ಹೇಳಿ ಬಂದೆ. ಅವನು ಬೈಯಲಿಲ್ಲ, ಕೂತುಕೋ ಎಂದೂ ಅನ್ನಲಿಲ್ಲ. ನಾಳೆ ಬಾಗಲೂರಿಗೆ ಬಂದು ಈ ಕಾಗದವನ್ನು ನಿನ್ನ ಕೈಗೇ ಕೊಡುತ್ತೇನೆ. ನೀನು ಓದಿ ಮುಗಿಸುವವರೆಗೆ ಅಂಗಳದಲ್ಲಿ ನಿಂತಿರುತ್ತೇನೆ. ಆಮೇಲೆ ನನ್ನನ್ನು ಅಣ್ಣ ಎನ್ನುವುದೂ ಬಿಡುವುದೂ ನಿನಗೆ ಸೇರಿದ್ದು.