ಉಪಚಾರ ಮರೆತವಳು

ಹೋದ ಭಾನುವಾರ ಇಲ್ಲೇ ಸಿಂಗಪುರದ ಜುರಾಂಗ್ ಈಸ್ಟ್‌ನಲ್ಲಿರುವ ಮೈಸೂರಿನವರೊಬ್ಬರ ಮನೆಗೆ ಹೋಗಿದ್ದೆವು. ಬಾಗಿಲಲ್ಲೇ ಫಿಲ್ಟರ್ ಕಾಫಿಯ ಘಮ. ಮನೆಯಾಕೆ, “ಕಾಫಿ ತಗೋತೀರಾ?” ಎಂದರು. “ಹೂಂ, ಕೊಡಿ. ಸ್ಟ್ರಾಂಗ್ ಇರಲಿ” ಎಂದುಬಿಟ್ಟೆ. ಆಕೆ ತಬ್ಬಿಬ್ಬಾದರು. ಪಾಪ, ನಾನು “ಅಯ್ಯೋ ಬೇಡ, ಈಗ ತಾನೇ ಆಯ್ತು” ಎನ್ನಬೇಕಿತ್ತು. ಅವರು “ಅದೆಲ್ಲ ಆಗಲ್ಲ, ಅರ್ಧ ಲೋಟ ಆದ್ರೂ ಕುಡೀಲೇಬೇಕು” ಎನ್ನಬೇಕಿತ್ತು. ಆ ಮಾತೆಲ್ಲ ಅವರ ಬಾಯಲ್ಲೇ ಉಳಿಯಿತು. ಲಿಫ್ಟಿನಲ್ಲಿ ಇಳಿಯುವಾಗ ನನ್ನ ಗಂಡ, “ಏನೇ, ಕಾಫಿ ಮುಖ ಕಂಡು ಎಷ್ಟು ವರ್ಷ ಆಗಿತ್ತು?” ಎಂದು ರೇಗಿಸಿದರು.

ನಾನು ಮೊದಲಿನಿಂದ ಹೀಗಿರಲಿಲ್ಲ, ನಂಬಿ. ನನ್ನನ್ನು ಕೆಡಿಸಿದವರು ಡಚ್ಚರು.

ಸಿಂಗಪುರಕ್ಕೆ ಬರುವ ಮೊದಲು ನಾವು ನೆದರ್ಲೆಂಡ್ಸ್‌ನ ಒಂದು ಪುಟ್ಟ ಊರಿನಲ್ಲಿದ್ದೆವು. ಪಕ್ಕದ ಮನೆಯಲ್ಲಿ ಮರೈಕೆ, ರಿಟೈರ್ ಆದ ಟೀಚರ್. ನಾನು ಮೊದಲ ದಿನ “ಆಂಟಿ” ಎಂದಾಗ, “ನಾನು ನಿನ್ನ ಆಂಟಿ ಅಲ್ಲ, ಮರೈಕೆ” ಎಂದು ತಿದ್ದಿದರು. ಅಷ್ಟು ದೊಡ್ಡವರನ್ನು ಹೆಸರು ಹಿಡಿದು ಕರೆಯಲು ನನಗೆ ನಾಲಿಗೆಯೇ ಏಳುತ್ತಿರಲಿಲ್ಲ. ಒಮ್ಮೆ ಕಾಫಿಗೆ ಕರೆದರು, ಅದೂ ಎರಡು ವಾರ ಮೊದಲೇ ದಿನ ಗೊತ್ತುಮಾಡಿ. ದಾಲ್ಚಿನ್ನಿ ಹಾಕಿದ ಸೇಬಿನ ಕೇಕ್ ತಂದು, “ಬೇಕಾ?” ಎಂದರು. ಮರ್ಯಾದೆಗೆ ಬೇಡ ಎಂದೆ. ಕೇಕ್ ಹಾಗೇ ಅಡುಗೆಮನೆಗೆ ವಾಪಸ್ ಹೋಯಿತು. ಮನೆಗೆ ಬಂದು, “ಎಂಥ ಜನಾರೀ ಇವರು, ಒಂದು ಸಲ ಕೇಳಿ ಎತ್ತಿಟ್ಟುಬಿಡೋದಾ” ಎಂದು ಗಂಡನ ಮೇಲೆ ಹರಿಹಾಯ್ದೆ.

ಕೇಕಿನ ಮಾತು ಬಿಡಿ, ಅದು ಹೊಟ್ಟೆಗಷ್ಟೇ ನಷ್ಟ. ಮರುವರ್ಷದ ಚಳಿಗಾಲದಲ್ಲಿ ನನಗೆ ಏಳು ತಿಂಗಳು. ಗಂಡ ಆಫೀಸಿನ ಕೆಲಸಕ್ಕೆ ಬೇರೆ ದೇಶಕ್ಕೆ ಹೋಗಿದ್ದರು. ಅವತ್ತು ಬೆಳಗಿನಿಂದ ಮಗು ಅಲುಗಾಡಿರಲಿಲ್ಲ. ಫೋನ್ ಮಾಡಿದರೆ ಆಸ್ಪತ್ರೆಯವರು ತಕ್ಷಣ ಬನ್ನಿ ಎಂದರು. ಹೊರಗೆ ನೋಡಿದರೆ ಪಾದ ಮುಳುಗುವಷ್ಟು ಹಿಮ, ಬಸ್ಸಿಲ್ಲ, ಟ್ಯಾಕ್ಸಿಯವರು ಫೋನೇ ಎತ್ತುತ್ತಿಲ್ಲ.

ಮರೈಕೆ ತಮ್ಮ ಮನೆಯ ಮುಂದಿನ ಹಿಮವನ್ನು ಸಲಿಕೆಯಿಂದ ಎತ್ತಿಹಾಕುತ್ತಿದ್ದರು. ನನ್ನ ಮುಖ ನೋಡಿ, “ಎಲ್ಲಿಗೆ? ಕಾರಲ್ಲಿ ಬಿಡಲಾ?” ಎಂದರು. ನಾನು ಏನೆಂದೆ ಗೊತ್ತೇ? “ಬೇಡ ಬೇಡ, ನಿಮಗ್ಯಾಕೆ ತೊಂದರೆ” ಎಂದೆ. “ಸರಿ, ಹುಷಾರು” ಎಂದು ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ನಾನು ಹಿಮದಲ್ಲಿ ನಿಂತೇ ಇದ್ದೆ. ನಾಚಿಕೆ, ಸಿಟ್ಟು, ಎಲ್ಲಕ್ಕಿಂತ ಹೆಚ್ಚಾಗಿ ಭಯ. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಹೋಗಿ ಅವರ ಬಾಗಿಲು ಬಡಿದೆ. “ಬೇಡ ಅಂದಿದ್ದು ಸುಳ್ಳು. ನನ್ನ ಮಗು ಅಲುಗಾಡ್ತಾ ಇಲ್ಲ. ಕರ್ಕೊಂಡು ಹೋಗಿ.”

ಅವರು ಕೋಟು ಕೂಡ ಹಾಕಿಕೊಳ್ಳದೆ ಕಾರು ತೆಗೆದರು. ಅರ್ಧ ದಾರಿಗೆ ಬಂದ ಮೇಲೆ, “ಮತ್ತೆ ಬೇಡ ಅಂತ ಯಾಕೆ ಹೇಳಿದೆ?” ಎಂದರು.

“ನಮ್ಮಲ್ಲಿ ಹಾಗೇ ಹೇಳೋದು. ನೀವು ಮತ್ತೆ ಕೇಳಬೇಕು.”

“ನಾವು ಮತ್ತೆ ಕೇಳಿದರೆ ನಿನ್ನ ಮಾತು ನಂಬಲಿಲ್ಲ ಅಂತ ಅರ್ಥ. ಅದು ಅವಮಾನ ಅಲ್ವಾ?”

ನಾನು ಅಷ್ಟು ದಿನ ಅವರದು ಕಲ್ಲುಮನಸ್ಸು ಎಂದುಕೊಂಡಿದ್ದೆ. ಅವರು ನನಗೆ ಮರ್ಯಾದೆ ಕೊಡುತ್ತಿದ್ದರಂತೆ.

ಆಸ್ಪತ್ರೆಯಲ್ಲಿ ನೋಡಿದರೆ ಮಗಳು ಹೊಟ್ಟೆಯೊಳಗೆ ಹಾಯಾಗಿ ನಿದ್ದೆ ಹೊಡೆಯುತ್ತಿದ್ದಳು. ಮಾನಿಟರ್‌ನಲ್ಲಿ ಅವಳ ಎದೆಬಡಿತ ಕೇಳಿದಾಗ ನನಗಿಂತ ಜೋರಾಗಿ ಅತ್ತವರು ಮರೈಕೆ. ಅವತ್ತಿನಿಂದ ನಾನು ಬೇಕಾದ್ದನ್ನು ಬೇಕು ಎಂದೇ ಹೇಳುವುದನ್ನು ಕಲಿತೆ. ಕಲಿತದ್ದು ಕೊಂಚ ಹೆಚ್ಚೇ ಆಯಿತೇನೋ.

ಮೊನ್ನೆ ಮರೈಕೆ ನಮ್ಮನ್ನು ನೋಡಲು ಸಿಂಗಪುರಕ್ಕೆ, ಸೆಂಗ್‌ಕಾಂಗ್‌ನ ನಮ್ಮ ಮನೆಗೆ ಬಂದಿದ್ದರು. ದೋಸೆ ಹುಯ್ದುಕೊಟ್ಟೆ. ಎರಡಾದ ಮೇಲೆ, “ಇನ್ನೊಂದು?” ಎಂದೆ. “ಬೇಡ” ಎಂದರು. ನಾನು ಸ್ಟವ್ ಆಫ್ ಮಾಡಿ, ಹಿಟ್ಟನ್ನು ಫ್ರಿಜ್ಜಿಗೆ ತಳ್ಳಿದೆ. ತಿರುಗಿ ನೋಡಿದರೆ ಅವರು ಏಳದೆ ಕೂತೇ ಇದ್ದಾರೆ.

“ಯಾಕೆ, ಏನಾಯ್ತು?”

“ಕಾಯ್ತಾ ಇದೀನಿ. ನೀನು ಮತ್ತೆ ಕೇಳ್ತೀಯ ಅಂತ.”

“ಅಮ್ಮಾ, ಆಸ್ಕ್ ಎಗೇನ್ ಲಾ” ಎಂದಳು ಮಗಳು, ತನ್ನ ಸಿಂಗಪುರದ ಇಂಗ್ಲಿಷಿನಲ್ಲಿ.

ನನಗೆ ನಗು ಬಂತು. ಹಿಟ್ಟನ್ನು ಹೊರಗೆ ತೆಗೆದು, “ಹಾಗೆಲ್ಲ ಬೇಡ ಅಂದ್ರೆ ಆಗಲ್ಲ, ಇನ್ನೊಂದೇ ಒಂದು ಹಾಕಿಸ್ಕೊಳ್ಳಿ” ಎಂದು ಅಚ್ಚಕನ್ನಡದಲ್ಲೇ ಒತ್ತಾಯ ಮಾಡಿದೆ. ಮರೈಕೆಗೆ ಒಂದಕ್ಷರವೂ ತಿಳಿಯಲಿಲ್ಲ. ತಟ್ಟೆಯನ್ನು ಮಾತ್ರ ಮುಂದೆ ಚಾಚಿದರು.