ಸೋದರಮಾವ ಎತ್ತಿಕೊಂಡ ಮದುಮಗಳು

ಚಿಕ್ಕರಸಿನಕೆರೆಯ ಮಲ್ಲಿಗಮ್ಮನದು ಸುಮ್ಮನಿರುವ ಬಾಯಲ್ಲ. ಗದ್ದೆಗೆ ನೀರು ಬಿಡದ ಪಕ್ಕದವನಿಗೂ, ಕೈ ತೋರಿಸಿದರೆ ನಿಲ್ಲಿಸದ ಬಸ್ಸಿನ ಡ್ರೈವರಿಗೂ ಮುಖಕ್ಕೆ ಹೊಡೆದಂತೆ ಹೇಳಿಬಿಡುವವಳು. ಅಂಥವಳು ಒಂದೇ ಒಂದು ಮಾತನ್ನು ಎರಡು ವರ್ಷ ಹೊಟ್ಟೆಯೊಳಗೆ ಇಟ್ಟುಕೊಂಡಳು.

ಆಕೆ ಸ್ವಂತ ಸೋದರಮಾವ ಕರಿಯಪ್ಪನನ್ನೇ ಮದುವೆಯಾದವಳು. ಮಗಳು ಮಾಯಮ್ಮ ಗುಂಡುಕಲ್ಲಿನ ಹಾಗೆ ಬೆಳೆದಳು. ಆಮೇಲೆ ಹುಟ್ಟಿದ ಎರಡು ಗಂಡುಮಕ್ಕಳು ಬಿಳಿಚಿಕೊಂಡು, ಹೊಟ್ಟೆ ಉಬ್ಬಿ, ಬೇರೆಯವರ ರಕ್ತ ಕೊಟ್ಟಷ್ಟು ದಿನ ಬದುಕಿ ಹೋದವು. ದೃಷ್ಟಿ ಎಂದರು, ದೇವರ ಮುನಿಸು ಎಂದರು, ಬಯ್ಗುಳವೆಲ್ಲ ಹೆತ್ತವಳಿಗೇ.

ಎರಡನೆಯ ಮಗುವಿಗಾಗಿ ಬೆಂಗಳೂರಿಗೆ ಹೋದಾಗ ಅಲ್ಲಿನ ಡಾಕ್ಟರು ಮನೆಯವರೆಲ್ಲರ ರಕ್ತ ಪರೀಕ್ಷೆ ಮಾಡಿದರು. ಮಗುವಿಗೆ ರಕ್ತ ಕೊಡಲು ಬಂದಿದ್ದ ಮಲ್ಲಿಗಮ್ಮನ ತಮ್ಮ ಚಿಕ್ಕಣ್ಣನದನ್ನೂ ತೆಗೆದುಕೊಂಡರು. ಕೊನೆಗೆ ಅವಳನ್ನೂ ಕರಿಯಪ್ಪನನ್ನೂ ಕೂರಿಸಿಕೊಂಡು ಹೇಳಿದರು: "ಇದು ವಂಶದಲ್ಲಿ ಬಂದ ದೋಷ. ನಿಮ್ಮಿಬ್ಬರಲ್ಲೂ ಇದೆ, ನಿಮ್ಮ ತಮ್ಮನಲ್ಲೂ ಇದೆ, ಮಗಳಲ್ಲೂ ಇದೆ. ಅವಳಿಗೆ ಏನೂ ಆಗುವುದಿಲ್ಲ. ಇದೇ ದೋಷ ಇರುವವನನ್ನು ಕಟ್ಟಿಕೊಂಡರೆ ಮಕ್ಕಳಿಗೆ ಕಾಯಿಲೆ ಬರಬಹುದು. ಮದುವೆಗೆ ಮುಂಚೆ ಗಂಡಿನ ರಕ್ತ ನೋಡಿಸಿ."

ಮಲ್ಲಿಗಮ್ಮನಿಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಹಿಂದೆಯೇ ಕೋಪ ಬಂತು, ಇಷ್ಟು ವರ್ಷ ಸುಮ್ಮಸುಮ್ಮನೆ ಬಯ್ಸಿಕೊಂಡೆನಲ್ಲ ಎಂದು. ಆದರೆ ಬಸ್ಸಿನಲ್ಲಿ ಕರಿಯಪ್ಪ ಕಿವಿಯಲ್ಲಿ ಅಂದ: "ಊರಿಗೆ ಗೊತ್ತಾದ್ರೆ ಮಗೀನ ಯಾರ್ ಕಟ್ಕತಾರೆ? ಅವಳ್ಗೂ ಯೋಳ್ಬ್ಯಾಡ."

ವರ್ಷ ಕಳೆದ ಮೇಲೆ ಚಿಕ್ಕಣ್ಣ ಅಕ್ಕನ ಮಗಳು ತನಗೆ ಬರಬೇಕೆಂದು ಹಕ್ಕಿನಿಂದಲೇ ಕೇಳಿದ.

"ಕೊಡಾಕಿಲ್ಲ ಕಣ್ಲಾ," ಎಂದಳು.

"ಯಾಕಕ್ಕ?"

"ನಿನ್ನ ಒಲ ಗದ್ದೆ ಸಾಲ್ದು."

ಅವನು ಊಟದ ಎಲೆಯ ಮುಂದಿನಿಂದ ಎದ್ದು ಹೋದ. ತವರಿನ ಬಾಗಿಲು ಮುಚ್ಚಿತು. ಮಲ್ಲಿಗಮ್ಮ ಒಲೆಯ ಮುಂದೆ ಕೂತು ಅತ್ತಳು.

ಮಾಯಮ್ಮನಿಗೆ ಮದ್ದೂರಿನ ಸೈಕಲ್ ಅಂಗಡಿಯ ಹುಡುಗನನ್ನು ಗೊತ್ತುಮಾಡಿದರು. ಮದುವೆಯ ದಿನ ಮದುಮಗಳನ್ನು ಹಸೆಗೆ ಎತ್ತಿಕೊಂಡು ಹೋಗಬೇಕಾದವನು ಸೋದರಮಾವ. ಚಿಕ್ಕಣ್ಣ ಬರುತ್ತಾನೆಂದು ಯಾರೂ ನಂಬಿರಲಿಲ್ಲ. ಬಂದ. ಹೊಸ ಪಂಚೆ ಉಟ್ಟು, ಸೊಸೆಯನ್ನು ಎರಡೂ ತೋಳಲ್ಲಿ ಎತ್ತಿಕೊಂಡು, ಅಕ್ಕನ ಪಕ್ಕ ಬಂದು ಮೆಲ್ಲಗೆ ಅಂದ:

"ಆ ಡಾಕ್ಟ್ರ ತಾವ ನಾನೂ ಓಗಿದ್ದೆ. ನನ್ನ ರಕ್ತದಲ್ಲೂ ಅದೆಯಂತೆ. ನೀನ್ಯಾಕೆ ಕೊಡ್ನಿಲ್ಲ ಅಂತ ಆಗ ಗೊತ್ತಾಯ್ತು. ಅಲ್ಲಕ್ಕ, ಈ ಉಡುಗನ ರಕ್ತ ನೋಡ್ಸುದ್ಯಾ?"

"ನೋಡ್ಸಿ ಅಂದ್ರೆ ಮದ್ವೆ ನಿಲ್ಲಾಕಿಲ್ವಾ? ಬಾಯ್ ಮುಚ್ಕೊಂಡು ನಡಿ."

ತೋಳಲ್ಲಿದ್ದ ಮಾಯಮ್ಮ ತಲೆ ಎತ್ತಿದಳು. "ಯಾವ್ ರಕ್ತ ಮಾವ? ಏನವ್ವಾ ಅದು?"

ಓಲಗದವರು ಇತ್ತಲೇ ನೋಡುತ್ತಿದ್ದರು. ಮಲ್ಲಿಗಮ್ಮ ಮಗಳ ಮುಖ ನೋಡಿದಳು. ತಾನು ಹಸೆ ಏರಿದ ದಿನ ತನಗೆ ಯಾರೂ ಏನೂ ಹೇಳಿರಲಿಲ್ಲ. ಪಾಪ, ಆಗ ಯಾರಿಗೂ ಗೊತ್ತೇ ಇರಲಿಲ್ಲ. ಈಗ ಗೊತ್ತಿದೆ.

"ಇಳಿಸ್ಲಾ ಅವಳ್ನ," ಎಂದಳು. "ಮೊದ್ಲು ಇವಳ್ಗೆ ಯೋಳ್ಬೇಕು."