ಕೋಪನ್‌ಹೇಗನ್‌ಗೆ ಮೂರು ದಿನ, ಉಳಿದದ್ದು ಆರು

ಹತ್ತೊಂಬತ್ತು ವರ್ಷಗಳಿಂದ ನಾನು ಲಂಡನ್ನಿನ ಹೀಥ್ರೂ ವಿಮಾನ ನಿಲ್ದಾಣದಲ್ಲಿ ನಡೆಯಲಾಗದವರನ್ನು ವೀಲ್‌ಚೇರಿನಲ್ಲಿ ಕೂರಿಸಿ ತಳ್ಳುವ ಕೆಲಸ ಮಾಡುತ್ತಿದ್ದೇನೆ. ಚೆಕ್-ಇನ್ನಿನಿಂದ ಗೇಟಿಗೆ, ಗೇಟಿನಿಂದ ವಿಮಾನದ ಬಾಗಿಲಿಗೆ. ಅಲ್ಲಿಗೆ ನನ್ನ ಕೆಲಸ ಮುಗಿಯಿತು. ‘ಎಷ್ಟೊಂದು ಜನರನ್ನು ನೋಡಿರಬೇಕು ನೀವು’ ಎಂದು ಯಾರಾದರೂ ಹೇಳಿದರೆ ನನಗೆ ನಗು ಬರುತ್ತದೆ. ನಾನು ನೋಡಿರುವುದು ಜನರ ನೆತ್ತಿ. ಬೈತಲೆ, ಬೋಳು, ಉಣ್ಣೆಯ ಟೋಪಿ, ಬಣ್ಣ ಹಚ್ಚಿದ ಕೂದಲ ಬುಡದಲ್ಲಿ ಮತ್ತೆ ಇಣುಕುವ ಬಿಳಿ, ಇವುಗಳ ಬಗ್ಗೆ ಕೇಳಿದರೆ ದಿನವಿಡೀ ಹೇಳಬಲ್ಲೆ. ಮುಖ ಮಾತ್ರ ಕೇಳಬೇಡಿ.

ಇಂಥ ನಾನು ಕಳೆದ ಮಾರ್ಚ್‌ನಲ್ಲಿ ಕೋಪನ್‌ಹೇಗನ್ ನೋಡಲು ಹೋದೆ. ಒಬ್ಬಳೇ, ಯಾರಿಗೂ ಹೇಳದೆ. ಆಸೆಪಟ್ಟು ಹೋದದ್ದಲ್ಲ. ಒಂಬತ್ತು ದಿನದ ರಜೆ ಬಾಕಿ ಇತ್ತು, ಮಾರ್ಚ್ ಮುಗಿದರೆ ಅದು ಸತ್ತುಹೋಗುತ್ತಿತ್ತು. ‘ತೆಗೆದುಕೊಂಡರೆ ನಿನ್ನದು, ಇಲ್ಲದಿದ್ದರೆ ಯಾರದ್ದೂ ಅಲ್ಲ’ ಎಂದು ಮ್ಯಾನೇಜರ್ ಎರಡು ಸಲ ಹೇಳಿದ್ದ. ಊಟದ ಬಿಡುವಿನಲ್ಲಿ ತಲೆ ಎತ್ತಿ ಹೊರಡುವ ವಿಮಾನಗಳ ಬೋರ್ಡು ನೋಡಿದೆ. ಆ ಹೊತ್ತಿಗೆ ಎಲ್ಲಕ್ಕಿಂತ ಮೇಲಿದ್ದ ಹೆಸರು ಕೋಪನ್‌ಹೇಗನ್. ಅಷ್ಟೇ ಕಾರಣ.

ರಜೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಉಡುಪಿ, ಮಂಗಳೂರಿನ ಕಡೆಯಿಂದ ಬಂದು ನಿಲ್ದಾಣದ ಹತ್ತಿರದ ಹೌನ್ಸ್ಲೋ ಸುತ್ತಮುತ್ತ ನೆಲೆಸಿದ ನಮ್ಮಂಥವರಿಗೆ ರಜೆ ಎಂದರೆ ಊರು. ಬೇರೆ ಅರ್ಥವೇ ಇಲ್ಲ. ಜ್ವರ ಬಂದರೂ ರಜೆ ಮುಟ್ಟುವುದಿಲ್ಲ, ಹಬ್ಬಕ್ಕೂ ಮುಟ್ಟುವುದಿಲ್ಲ. ಒಂದೊಂದೇ ದಿನ ಕೂಡಿಟ್ಟು ವರ್ಷಕ್ಕೊಮ್ಮೆ ಐದು ವಾರ ಊರಿಗೆ ಹೋಗಿ ಗಡದ್ದಾಗಿ ಇದ್ದು ಬರಬೇಕು. ನಾಲ್ಕು ದಿನಕ್ಕೆ ಊರಿಗೆ ಹೋಗಿ ಬರುವವರನ್ನು ನಾವು ‘ಹೋದ ಪುಟ್ಟ, ಬಂದ ಪುಟ್ಟ’ ಎಂದು ಆಡಿಕೊಳ್ಳುತ್ತೇವೆ.

ನಾಲ್ಕು ವರ್ಷದ ಹಿಂದೆ ಜನವರಿಯಲ್ಲಿ ಊರಿನಲ್ಲಿ ಅಮ್ಮ ಹಾಸಿಗೆ ಹಿಡಿದಳು. ಇಲ್ಲೇ ಹತ್ತಿರದಲ್ಲಿರುವ ಅಕ್ಕ ಮರುದಿನವೇ ವಿಮಾನ ಹತ್ತಿದಳು. ನನ್ನ ಬಳಿ ಆಗ ಉಳಿದಿದ್ದದ್ದು ನಾಲ್ಕು ದಿನ. ಅದರಲ್ಲಿ ಎರಡು ದಿನ ದಾರಿಗೇ ಹೋಗುತ್ತದೆ. ಏಪ್ರಿಲ್ ಬಂದರೆ ಕಂಪನಿಯ ಹೊಸ ವರ್ಷದ ರಜೆ ಶುರು, ಆಗ ಐದು ವಾರ ಹೋಗಿ ಅಮ್ಮನ ಪಕ್ಕದಲ್ಲೇ ಕೂರುತ್ತೇನೆ ಎಂದು ಲೆಕ್ಕ ಹಾಕಿದೆ. ಸಂಬಳವಿಲ್ಲದ ರಜೆ ಕೇಳಬಹುದಿತ್ತು, ಕೇಳಲೇ ಇಲ್ಲ. ಅಮ್ಮ ಫೆಬ್ರವರಿಯಲ್ಲಿ ಹೋದಳು. ಆ ನಾಲ್ಕು ದಿನದ ರಜೆ ಮಾರ್ಚ್‌ನಲ್ಲಿ ಹೋಯಿತು.

ಅಕ್ಕ ವಾಪಸು ಬಂದ ಮೇಲೆ ಚರ್ಚಿನಲ್ಲಿ ಅಮ್ಮನ ತಿಂಗಳ ಪೂಜೆ, ಆಮೇಲೆ ಅವಳ ಮನೆಯಲ್ಲಿ ಊಟ. ಅಲ್ಲಿ, ಅಡುಗೆಮನೆಯಲ್ಲಿ, ಅವಳು ಕನ್ನಡದಲ್ಲಿ ಹೇಳಿದ ಮಾತು ಇದು. “ದಿನಕ್ಕೆ ಇಪ್ಪತ್ತು ಜನರನ್ನು ವಿಮಾನದ ಬಾಗಿಲಿಗೆ ಮುಟ್ಟಿಸ್ತೀ. ನಿನಗೆ ಒಂದು ಸಲ ಹತ್ಲಿಕ್ಕೆ ಆಗ್ಲಿಲ್ಲ.”

ಕನ್ನಡದಲ್ಲಿ ಯಾಕೆಂದರೆ, ನಮ್ಮ ಮನೆಮಾತು ಕೊಂಕಣಿಯಾದರೂ ಭಾವ ಗೋವಾದವರು, ಕೊಂಕಣಿಯಲ್ಲಿ ಹೇಳಿದರೆ ಅವರಿಗೆ ತಿಳಿಯುತ್ತದೆ. ಹಾಗಾಗಿ ಅಕ್ಕತಂಗಿಯರ ಗುಟ್ಟು, ಚಾಡಿ, ಜಗಳ ಎಲ್ಲ ಮೊದಲಿನಿಂದಲೂ ಕನ್ನಡದಲ್ಲೇ. ನಾನೂ ಕನ್ನಡದಲ್ಲೇ ಉತ್ತರ ಕೊಟ್ಟೆ. ಏನು ಹೇಳಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಅಂದಿನಿಂದ ನಾನು ಅವಳ ಮನೆಗೆ ಹೋಗಲಿಲ್ಲ. ಭಾನುವಾರ ಚರ್ಚಿನಲ್ಲಿ ಅವಳು ಬೆಳಗಿನ ಪೂಜೆಗೆ ಬಂದರೆ ನಾನು ಸಂಜೆಯದಕ್ಕೆ. ಅವಳ ಮನೆ ನನ್ನದೇ ಬಸ್ಸಿನ ಏಳನೆಯ ಸ್ಟಾಪು. ಬಸ್ಸು ಅಲ್ಲಿ ನಿಂತಾಗ ನಾನು ಫೋನು ನೋಡುತ್ತಿದ್ದೆ.

ಕಳೆದ ಜನವರಿಯಲ್ಲಿ ಚರ್ಚಿನ ಹೊರಗೆ ಒಬ್ಬ ಹೆಂಗಸು, ನನಗೆ ಗೊತ್ತಿರಬಹುದು ಎಂದುಕೊಂಡೇ, “ಅಕ್ಕನಿಗೆ ಈಗ ಹೇಗುಂಟು?” ಎಂದು ಕೇಳಿದಳು. ಅಕ್ಕನಿಗೆ ಸ್ಟ್ರೋಕ್ ಆಗಿ ಎಡಭಾಗ ಬಿದ್ದುಹೋಗಿದೆ, ವೀಲ್‌ಚೇರಿನಲ್ಲಿ ಇದ್ದಾಳೆ ಎಂಬುದು ನನಗೆ ಗೊತ್ತಾದದ್ದು ಹಾಗೆ. “ಪರವಾಗಿಲ್ಲ” ಎಂದು ಉತ್ತರ ಕೊಟ್ಟು ಬಸ್ಸು ಹತ್ತಿದೆ. ಏಳನೆಯ ಸ್ಟಾಪಿನಲ್ಲಿ ಇಳಿಯಲಿಲ್ಲ. ಕೋಪವಲ್ಲ, ನಾಚಿಕೆ. ಊರಿನವರನ್ನೆಲ್ಲ ತಳ್ಳಿದವಳು, ಸ್ವಂತ ಅಕ್ಕನ ಕುರ್ಚಿಗೆ ಕೈ ಹಾಕಲಿಲ್ಲ. ಎರಡು ತಿಂಗಳು ಹಾಗೇ ಕಳೆಯಿತು, ಆಮೇಲೆ ಈ ರಜೆ.

ನನ್ನ ಬಳಿ ಇದ್ದದ್ದು ಊರಿಗೆ ಹೋಗುವ ಪೆಟ್ಟಿಗೆ ಒಂದೇ, ಹಿಡಿಗೆ ಕೆಂಪು ರಿಬ್ಬನ್ ಕಟ್ಟಿದ್ದು. ಇಡೀ ಮನೆಯ ಉಡುಗೊರೆ ಹಿಡಿಸುವ ಆ ಪೆಟ್ಟಿಗೆಯಲ್ಲಿ ಎರಡು ಸ್ವೆಟರು, ಒಂದು ಟವೆಲು, ಒಣಸಿಗಡಿ ಚಟ್ನಿಯ ಒಂದು ಬಾಟಲಿ. ಎಳೆದುಕೊಂಡು ಹೋದರೆ ಬಾಟಲಿ ಒಳಗೆ ಗಡಗಡ ಉರುಳುತ್ತಿತ್ತು. ಕೋಪನ್‌ಹೇಗನ್‌ನಲ್ಲಿ ಇಳಿದಾಗ ವಿಮಾನದ ಬಾಗಿಲಲ್ಲಿ ಮೂರು ವೀಲ್‌ಚೇರು ಸಾಲಾಗಿ ನಿಂತಿದ್ದವು. ಕುರ್ಚಿಯ ಹಿಂದೆ ನಿಂತ ಹೆಂಗಸಿಗೆ ನಮ್ಮ ಕಸುಬಿನವಳು ಎಂದು ತಲೆಯಾಡಿಸಿದೆ. ಅವಳು ನನ್ನನ್ನು ಪ್ರಯಾಣಿಕಳು ಎಂದುಕೊಂಡು ಸುಮ್ಮನೆ ಮುಗುಳ್ನಕ್ಕಳು. ಆಮೇಲೆ ಕೈ ತಾನಾಗಿ ಫೋನಿಗೆ ಹೋಯಿತು. ನಮ್ಮಲ್ಲಿ ಎಲ್ಲಿಗೆ ಹೋದರೂ ಇಳಿದ ಕೂಡಲೇ ‘ಮುಟ್ಟಿದೆ’ ಎಂದು ಹೇಳಬೇಕು. ಯಾರಿಗೆ ಹೇಳುವುದು? ಹೊರಟದ್ದೇ ಯಾರಿಗೂ ಗೊತ್ತಿಲ್ಲ. ಫೋನನ್ನು ಕೋಟಿನ ಕಿಸೆಗೆ ಹಾಕಿದೆ.

ಮೊದಲ ದಿನ ಎಲ್ಲರೂ ನೋಡುವುದನ್ನು ನೋಡಿದೆ. ಕಾಲುವೆಯ ದಂಡೆಯಲ್ಲಿ ಒಂದಕ್ಕೊಂದು ಅಂಟಿಕೊಂಡ ಬಣ್ಣದ ಮನೆಗಳು, ಅರಮನೆಯ ಮುಂದೆ ಕರಡಿಕೂದಲಿನ ಟೋಪಿ ಹಾಕಿದ ಸಿಪಾಯಿಗಳು. ನನ್ನ ಕಣ್ಣು ಮಾತ್ರ ನೆಲದ ಮೇಲೆ. ಹಾಸುಗಲ್ಲು ಎಷ್ಟು ಎದ್ದಿವೆ, ಸಣ್ಣ ಗಾಲಿ ಎಲ್ಲಿ ಸಿಕ್ಕಿಬೀಳುತ್ತದೆ, ಈ ಹೊಸ್ತಿಲು ದಾಟಲು ಕುರ್ಚಿಯನ್ನು ಹಿಂದಕ್ಕೆ ಬಾಗಿಸಬೇಕು. ಕಸುಬು ಮೈಗೆ ಹತ್ತಿದರೆ ಹೀಗೆ. ದೋಣಿಯ ಟಿಕೆಟು ಕೊಡುವವನು “ಒಬ್ಬರೇ?” ಎಂದ. ಸೂಪಿನ ಅಂಗಡಿಯವಳೂ “ಒಬ್ಬರೇ?” ಎಂದಳು. ಹೌದಮ್ಮಾ, ಒಬ್ಬಳೇ, ಎಷ್ಟು ಸಲ ಹೇಳಬೇಕು. ದೋಣಿ ತಗ್ಗಿನ ಸೇತುವೆಗಳ ಅಡಿಯಲ್ಲಿ ಹೋಗುವಾಗ ತಲೆ ಬಗ್ಗಿಸಿ ಎಂದು ಕೂಗುತ್ತಿದ್ದರು. ಎಲ್ಲರೂ ಪಕ್ಕದವರ ತಲೆ ಒತ್ತಿ ನಗುತ್ತಿದ್ದರು. ನಾನು ನನ್ನದನ್ನು ನಾನೇ ಬಗ್ಗಿಸಿದೆ.

ಸಮುದ್ರದ ಅಂಚಿನ ಬಂಡೆಯ ಮೇಲೆ ಕೂತ ಕಂಚಿನ ಮತ್ಸ್ಯಕನ್ಯೆಯೊಬ್ಬಳಿದ್ದಾಳೆ, ಅವಳನ್ನು ನೋಡಲು ಲೋಕವೇ ಬರುತ್ತದೆ. ಅಷ್ಟು ದೂರ ನಡೆದು ನೋಡಿದರೆ ಶಾಲೆಗೆ ಹೋಗುವ ಹುಡುಗಿಯಷ್ಟು ಎತ್ತರವೂ ಇಲ್ಲ. ಅಲ್ಲಿ ಐದಾರು ಜೋಡಿಗಳು ನನ್ನ ಕೈಗೆ ಫೋನು ಕೊಟ್ಟು ಫೋಟೊ ತೆಗೆಸಿಕೊಂಡರು. ಒಬ್ಬಾಕೆ “ನಿಮ್ಮದು ತೆಗೆಯಲೇ?” ಎಂದು ಕೇಳಿದಳು. ಬೇಡ ಎಂದೆ. ಫೋಟೊ ತೆಗೆದರೆ ಯಾರಿಗಾದರೂ ತೋರಿಸಬೇಕಾಗುತ್ತದೆ. ಸಂಜೆ ಹೋಟೆಲಿನ ಕೋಣೆಯಲ್ಲಿ ಕಪ್ಪು ಬ್ರೆಡ್ಡಿಗೆ ಸಿಗಡಿ ಚಟ್ನಿ ಹಚ್ಚಿ ತಿಂದೆ. ವಾಸನೆಗೆ ಹೆದರಿ ಕಿಟಕಿ ತೆರೆದಿಟ್ಟು, ಕೋಟು ಹಾಕಿಕೊಂಡೇ ಹಾಸಿಗೆಯಲ್ಲಿ ಕೂತಿದ್ದೆ. ಅಷ್ಟು ಒಂಟಿತನ ನನಗೆ ಹೌನ್ಸ್ಲೋದ ಕೋಣೆಯಲ್ಲಿ ಆದದ್ದಿಲ್ಲ, ಅಲ್ಲಿ ಕೆಲಸವಾದರೂ ಇರುತ್ತದೆ.

ಎರಡನೆಯ ದಿನ ಊರ ನಡುವಿನ ಹಳೆಯ ದುಂಡು ಗೋಪುರಕ್ಕೆ ಹೋದೆ. ಟಿಕೆಟು ಕೊಂಡು ಒಳಗೆ ಹೋದವಳು ಅಲ್ಲೇ ನಿಂತುಬಿಟ್ಟೆ. ಮೆಟ್ಟಿಲೇ ಇಲ್ಲ. ಬುಡದಿಂದ ಸುತ್ತಿ ಸುತ್ತಿ ಮೇಲೇರುವ ಇಟ್ಟಿಗೆಯ ಇಳಿಜಾರು, ಎರಡು ಬದಿಗೂ ಸುಣ್ಣದ ಗೋಡೆ. ರಾಜನ ಕಾಲದಲ್ಲಿ ಕುದುರೆ ಹತ್ತಿಸುತ್ತಿದ್ದರಂತೆ. ಲಂಡನ್ನಿನ ನೆಲದಡಿಯ ಟ್ಯೂಬ್ ರೈಲಿನ ಅರ್ಧ ಸ್ಟೇಷನ್ನುಗಳಲ್ಲಿ ಇವತ್ತಿಗೂ ಲಿಫ್ಟಿಲ್ಲ. ಇವರು ನೂರಾರು ವರ್ಷದ ಹಿಂದೆ ಕುದುರೆಗೆ ಮಾಡಿಕೊಟ್ಟಿದ್ದಾರೆ. ಹತ್ತತೊಡಗಿದೆ. ಒಂದು ಸುತ್ತು ಮುಗಿಯುವಷ್ಟರಲ್ಲಿ ನೋಡಿಕೊಂಡರೆ ನನ್ನ ಎರಡು ಕೈಗಳೂ ಸೊಂಟದ ಎತ್ತರಕ್ಕೆ ಮುಂದೆ ಚಾಚಿಕೊಂಡಿದ್ದವು. ಎದುರಿಗೆ ಏನೂ ಇರಲಿಲ್ಲ. ಯಾರಾದರೂ ನೋಡಿದರೇ ಎಂದು ನಾಚಿ ಕೈಗಳನ್ನು ಕಿಸೆಗೆ ಹಾಕಿದೆ.

ಮೂರನೆಯ ಸುತ್ತಿನಲ್ಲಿ ಒಬ್ಬ ಮುದುಕರು ವೀಲ್‌ಚೇರು ಹಿಡಿದು ಏದುಸಿರು ಬಿಡುತ್ತಾ ನಿಂತಿದ್ದರು. ಕುರ್ಚಿಯಲ್ಲಿ ಅವರ ಹೆಂಡತಿ, ಬಿಳಿ ಕೂದಲನ್ನು ನೀಟಾಗಿ ಹೆಣೆದಿತ್ತು. ನನ್ನ ಕೆಲಸವೇ ಇದು ಎಂದೆ. ಅವರು ನಂಬಲಿಲ್ಲ, ಕುರ್ಚಿ ಹಿಡಿದು ಎರಡು ಹೆಜ್ಜೆ ತಳ್ಳಿದ ಮೇಲೆ ನಂಬಿದರು. ಉಳಿದ ಸುತ್ತುಗಳನ್ನು ನಾನೇ ತಳ್ಳಿದೆ. ಆ ಎರಡು ದಿನಗಳಲ್ಲಿ ನನಗೆ ಹಾಯೆನಿಸಿದ್ದು ಆ ಹತ್ತು ನಿಮಿಷ. ಇಳಿಜಾರು ಮುಗಿದಲ್ಲಿ ಕೊನೆಗೆ ಒಂದು ಕಿರಿದಾದ ಮೆಟ್ಟಿಲ ಸಾಲು ಇತ್ತು. ಇದ್ದೇ ಇರುತ್ತದೆ. ಮುದುಕರು ಹೆಂಡತಿಯ ಪಕ್ಕದ ಕಟ್ಟೆಯಲ್ಲಿ ಕೂತರು. “ನೀವು ಹೋಗಿ ನೋಡಿ” ಎಂದರು. “ನೋಡಿ ಬಂದು ನಮಗೆ ಹೇಳಿ.”

ಮೇಲೆ ಗಾಳಿಯೆಂದರೆ ಗಾಳಿ. ಕಬ್ಬಿಣದ ಕಟಕಟೆ ಹಿಡಿದು ಕೆಳಗೆ ನೋಡಿದೆ. ಉದ್ದಕ್ಕೂ ಕೆಂಪು ಹಂಚಿನ ಮಾಡುಗಳು. ಮಂಗಳೂರು ಹಂಚೇ, ಅದೇ ಕೆಂಪು, ಅಲ್ಲಲ್ಲಿ ಪಾಚಿ ಹಿಡಿದು ಕಪ್ಪಾದದ್ದು. ಪೆರ್ಡೂರಿನ ಕಡೆಯ ನಮ್ಮ ಶಾಲೆಯ ಹಿಂದಿನ ಗುಡ್ಡ ಹತ್ತಿ ನಾವಿಬ್ಬರೂ ಹಂಚಿನ ಮಾಡು ಎಣಿಸಿ ಯಾರ ಮನೆ ಯಾವುದೆಂದು ಪಂಥ ಕಟ್ಟುತ್ತಿದ್ದೆವು. ಅಕ್ಕ ಯಾವಾಗಲೂ ಮೋಸ ಮಾಡುತ್ತಿದ್ದಳು. ‘ನೋಡು ಮಾರಾಯ್ತಿ, ಇಲ್ಲಿಯೂ ನಮ್ಮ ಹಂಚು’ ಎಂದು ಹೇಳಬೇಕೆನಿಸಿತು. ಹಾಗೆ ಹೇಳಿದರೆ ಅರ್ಥವಾಗುವ ಮನುಷ್ಯರು ಈ ಭೂಮಿಯ ಮೇಲೆ ಒಬ್ಬರೇ ಇದ್ದಾರೆ, ಅವರ ಮನೆ ನನ್ನ ಬಸ್ಸಿನ ಏಳನೆಯ ಸ್ಟಾಪು. ಅಲ್ಲಿ ನಿಂತು ಅತ್ತೆ. ಗಾಳಿಗೆ ಕಣ್ಣೀರು ಬಂತು ಎಂದು ಬರೆಯಬಹುದು, ಆದರೆ ಸುಳ್ಳಾಗುತ್ತದೆ.

ಕೆಳಗೆ ಬಂದು ಮುದುಕರಿಗೆ ಮನೆಗಳಿವೆ, ಚೆನ್ನಾಗಿದೆ ಎಂದೆ. ಅವರ ಊರನ್ನು ಅವರಿಗೇ ನಾನೇನು ಹೇಳುವುದು. ಇಳಿಯುವಾಗ ಕುರ್ಚಿಯನ್ನು ತಿರುಗಿಸಿ ಹಿಂದುಮುಂದಾಗಿ ಇಳಿಸುವುದನ್ನು ಅವರಿಗೆ ತೋರಿಸಿಕೊಟ್ಟೆ. ಹಾಗೆ ಇಳಿಸಿದರೆ ಕೂತವರು ಮುಗ್ಗರಿಸುವುದಿಲ್ಲ, ಭಾರವೆಲ್ಲ ತಳ್ಳುವವರ ಮೈಮೇಲೆ ಬರುತ್ತದೆ.

ಮರುದಿನ ಮಧ್ಯಾಹ್ನ ಹೀಥ್ರೂನಲ್ಲಿ ಇಳಿದು ಪೆಟ್ಟಿಗೆ ಸಮೇತ ಬಸ್ಸು ಹತ್ತಿದೆ. ಏಳನೆಯ ಸ್ಟಾಪಿನಲ್ಲಿ ಇಳಿದೆ. ಖಾಲಿ ಕೈಯಲ್ಲಿ ಹೋಗಬಾರದು ಎಂಬುದು ಬಾಗಿಲ ಬೆಲ್ ಒತ್ತಿದ ಮೇಲೆ ನೆನಪಾಯಿತು. ಪೆಟ್ಟಿಗೆಯಲ್ಲಿದ್ದದ್ದು ಅರ್ಧ ಬಾಟಲಿ ಚಟ್ನಿ. ಭಾವ ಬಾಗಿಲು ತೆರೆದರು, ನನ್ನನ್ನೂ ಕೆಂಪು ರಿಬ್ಬನ್ನಿನ ಪೆಟ್ಟಿಗೆಯನ್ನೂ ನೋಡಿದರು, ಊರಿಂದ ಬಂದೆಯಾ ಎಂದು ಕೊಂಕಣಿಯಲ್ಲಿ ಕೇಳಿದರು. ಅಲ್ಲ ಎಂದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಅಕ್ಕ ಮುಂದಿನ ಕೋಣೆಯಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿ ಕೂತಿದ್ದಳು. ನನಗೆ ಮೊದಲು ಕಂಡದ್ದು ಅವಳ ನೆತ್ತಿ. ಮಂಡಿಯವರೆಗೆ ಬರುತ್ತಿದ್ದ ಕೂದಲನ್ನು ಯಾರೋ ಬಾಚದೆ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ ಬಿಟ್ಟಿದ್ದರು, ಬೈತಲೆ ಇರಲಿಲ್ಲ, ಹಿಂದೆ ಗಂಟುಗಟ್ಟಿತ್ತು. ನಾನು ಮುಂದೆ ಹೋಗಿ ನಿಂತೆ. ಅವಳು ತಲೆ ಎತ್ತಿ ನನ್ನನ್ನು ನೋಡಿದಳು. ಬಾಯಿಯ ಒಂದು ಬದಿ ಇಳಿದಿತ್ತು, ಮಾತು ನಿಧಾನ.

“ರಜೆ ಸಿಕ್ಕಿತಾ?” ಎಂದಳು, ಕನ್ನಡದಲ್ಲಿ.

ಆ ಮಾತು ನನಗೆ ಸಲ್ಲಬೇಕಾದದ್ದೇ. “ಇನ್ನೂ ಆರು ದಿನ ಉಂಟು” ಎಂದೆ.

ಅವಳು ಕಿಟಕಿ ನೋಡಿದಳು. ಏನು ಮಾಡಬೇಕೆಂದು ತಿಳಿಯದೆ ನಾನು ಬಗ್ಗಿ ಕುರ್ಚಿಯ ಬ್ರೇಕು ನೋಡಿದೆ, ಸಡಿಲವಾಗಿತ್ತು. ಗೋಪುರದ ಮೇಲಿಂದ ಕಂಡ ಹಂಚಿನ ವಿಷಯ ಹೇಳಿದೆ.

“ಅಮ್ಮ ದಿನಾ ನಿನ್ನನ್ನು ಕೇಳ್ತಿದ್ರು” ಎಂದಳು. “ಏಪ್ರಿಲ್‌ಗೆ ಬರ್ತಾಳೆ, ಐದು ವಾರ ಇರ್ತಾಳೆ ಅಂತ ಹೇಳಿದೆ. ಹಾಗಾದ್ರೆ ಒಳ್ಳೇದಾಯ್ತು, ಗಡಿಬಿಡಿಯಲ್ಲಿ ಬರುದು ಬೇಡ ಅಂದ್ರು.”

ನಾಲ್ಕು ವರ್ಷ ಅವಳು ಇದನ್ನು ನನಗೆ ಹೇಳಿರಲಿಲ್ಲ. ನಾನು ಹೇಳಲು ಬಿಟ್ಟಿರಲಿಲ್ಲ. ನಾನು ಎದ್ದು ಅವಳ ಹಿಂದೆ ಹೋಗಿ ನಿಂತೆ, ಮುಖ ತೋರಿಸಲು ಆಗಲಿಲ್ಲ.

“ನನ್ನನ್ನು ನೋಡಿಕೊಳ್ಳಲಿಕ್ಕೆ ಕೌನ್ಸಿಲಿನಿಂದ ಬರುವ ಹುಡುಗಿ ಒಳ್ಳೆಯವಳು” ಎಂದಳು ಅಕ್ಕ, ಕಿಟಕಿಯ ಕಡೆಗೇ. “ಕೂದಲು ಬಾಚ್ಲಿಕ್ಕೆ ಮಾತ್ರ ಬರುದಿಲ್ಲ ಅವಳಿಗೆ. ಬಾಚಣಿಗೆ ಅಲ್ಲಿ ಮೇಜಿನ ಮೇಲೆ ಉಂಟು.”

ಬಾಚಣಿಗೆ ತಂದೆ. ರಬ್ಬರ್ ಬ್ಯಾಂಡು ಬಿಚ್ಚಿ, ತುದಿಯಿಂದ ಗಂಟು ಬಿಡಿಸತೊಡಗಿದೆ. ಕಣ್ಣು ಮಂಜಾಗಿ ಕೈ ಜೋರಾಯಿತೋ ಏನೋ, ಅವಳ ತಲೆ ಹಿಂದಕ್ಕೆ ಜಗ್ಗಿತು.

“ಮೆಲ್ಲ, ಮಾರಾಯ್ತಿ” ಎಂದಳು. “ಗಡಿಬಿಡಿ ಎಂತದ್ದು? ಆರು ದಿನ ಉಂಟಲ್ಲ.”